ಬೀಳಬೇಕಾದ ತಟ್ಟಿ

1988ರಲ್ಲಿ, ಎಂಟನೇ ಇಯತ್ತೆಯ ದೀಪಾವಳಿ ಸೂಟಿ ಮುಗಿದ ಮೇಲೆ, ನಾನು ಸಾಲಿಗೆ ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಒಂದು ಇಂಗ್ಲಿಷ್ ಶಬ್ದದ ಅರ್ಥ, ಅದು ಹುಟ್ಟಿದ ಬಗೆ ಎಲ್ಲವನ್ನೂ ಹೇಳುವವನಿದ್ದೇನೆ. ಇವನು ಯಾವ ಕಾಲೇಜು ಓದಿದ ಎಂದು ಯಾರೂ ಕೇಳಬಾರದು. ಅದನ್ನು ನನಗೆ ಕಲಿಸಿದವರು ಒಬ್ಬ ಅಕ್ಕೋರು, ಹೈಸ್ಕೂಲಿನ ಟೀಚರು. ಕಲಿಸಿದ ಜಾಗ ರಾಜೂರಿನ ನಮ್ಮ ಮನೆಯ ಮುಂದಿನ ಅಂಗಳ.

ಕಳೆದ ವಾರ ಗಜೇಂದ್ರಗಡದ ನನ್ನ ವೆಲ್ಡಿಂಗ್ ಅಂಗಡಿಗೆ ಹೈಸ್ಕೂಲಿನ ಹೊಸ ಪೀಟಿ ಮಾಸ್ತರ ಬಂದರು. ಮೂವತ್ತರ ಆಸುಪಾಸಿನ ಮನುಷ್ಯ. ಬೈಕಿನ ಹಿಂದೆ ಸುಣ್ಣದ ಪುಡಿಯ ಚೀಲ ಕಟ್ಟಿದ್ದರು, ಮೈದಾನದಲ್ಲಿ ಗೆರೆ ಹಾಕಲು. ದಾರಿಯಲ್ಲಿ ಮಳೆಯ ನಾಲ್ಕು ಹನಿ ಬಿದ್ದು ಚೀಲದ ಬಾಯಿ ಒದ್ದೆಯಾಗಿತ್ತು. ಆ ಒದ್ದೆ ಸುಣ್ಣದ ವಾಸನೆ ಬಂದದ್ದೇ ತಡ, ನನ್ನ ಕೈ ನಿಂತಿತು. ಅವರು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು.

"ಇಂಥಾವು ಹತ್ತು ಬೇಕ್ರಿ. ಹುಡುಗ್ಯಾರಿಗೆ. ಇದಕ್ಕ..."

"ಹರ್ಡಲ್ ಅಂತಾರ" ಎಂದೆ.

"ಗೊತ್ತೈತೇನ್ರಿ ನಿಮಗ?"

ಗೊತ್ತಿದೆ ಎಂದೆ. ಎಷ್ಟು ಗೊತ್ತಿದೆ ಎಂದು ಹೇಳಲಿಲ್ಲ. ಬರುವ ಶನಿವಾರ ಬೆಳಿಗ್ಗೆ ಹುಡುಗಿಯರು ಅವುಗಳ ಮೇಲೆ ಮೊದಲ ಸಲ ಹಾರುತ್ತಾರೆ. ಒಪ್ಪಿಕೊಂಡ ಗಳಿಗೆಯಿಂದ ನನ್ನ ಜೀವ ಒಂದು ಕಡೆ ನಿಂತಿಲ್ಲ.

ನಮ್ಮಪ್ಪನದು ತಟ್ಟಿ ಹೆಣೆಯುವ ಕಸುಬು. ಲಕ್ಕಿ ಗಿಡದ ಬರಲು, ಅಂದರೆ ಬಾಗುವ ತೆಳು ಕಡ್ಡಿ, ತೊಗರಿ ಕಟ್ಟಿಗೆ ಒಂದರೊಳಗೊಂದು ಹಾಯಿಸಿ ಹೆಣೆದು, ಎರಡು ಬದಿಗೆ ಜಾಲಿಯ ಗೂಟ ಕೂಡಿಸಿ ಮಾಡುವ ಪರದೆಯಂಥ ಚೌಕಟ್ಟು ಅದು. ಹೊಲಕ್ಕೆ ಗೊಬ್ಬರವಾಗಲೆಂದು ಕುರಿ ನಿಲ್ಲಿಸುವವರು ಮರಿಗಳನ್ನು ಕೂಡಲು ನಾಲ್ಕಾರು ತಟ್ಟಿ ನಿಲ್ಲಿಸಿ ದೊಡ್ಡಿ ಮಾಡುತ್ತಿದ್ದರು. ಒಂದು ಹೊಲ ಮುಗಿದರೆ ಕಿತ್ತು ಹೆಗಲ ಮೇಲೆ ಹೊತ್ತು ಮುಂದಿನ ಹೊಲಕ್ಕೆ. ಅಪ್ಪನಿಗೆ ಒಂದು ಪದ್ಧತಿಯಿತ್ತು. ಮಾಡಿದ ತಟ್ಟಿಯನ್ನು ಅಂಗಳದಲ್ಲಿ ಕೊಡುತ್ತಿರಲಿಲ್ಲ. ಕೊಳ್ಳುವವನ ಹೊಲಕ್ಕೇ ಹೋಗಿ, ತಾನೇ ಗೂಟ ಬಡಿದು ನಿಲ್ಲಿಸಿ, ಅವನ ಕಣ್ಣ ಮುಂದೆ ಮೂರು ಸಲ ಭುಜ ಕೊಟ್ಟು ದೂಡುತ್ತಿದ್ದ. ಅಲುಗಿದರೆ ತಿರುಗಿ ಮನೆಗೆ. ಅಲುಗದಿದ್ದರೆ "ಇನ್ನ ನಿಂದು" ಎಂದು ಕೈ ಒರೆಸಿಕೊಳ್ಳುತ್ತಿದ್ದ. ನಮ್ಮ ಕಡೆ ತೋಳ ಇರುವ ಸೀಮೆ. ತಟ್ಟಿ ಬಿತ್ತೆಂದರೆ ಮರಿ ಹೋದವು ಎಂದೇ ಅರ್ಥ.

ಸಾಲಿ ಬಿಟ್ಟ ಮೊದಲ ಬೇಸಿಗೆಯಲ್ಲಿ ನಾನು ಹೆಣೆದ ಒಂದು ತಟ್ಟಿ ಬಿತ್ತು. ಸೂಡಿಯ ಹೊಲವೊಂದರಲ್ಲಿ ಕುರಿ ನಿಲ್ಲಿಸಿದ್ದವನಿಗೆ ಕೊಟ್ಟದ್ದು. ಅವತ್ತು ಅಪ್ಪನಿಗೆ ಜ್ವರ. ನಾನೇ ನಿಲ್ಲಿಸಿ, ನಾನೇ ದೂಡಿ, ಆಯಿತು ಎಂದು ಬಂದಿದ್ದೆ. ತೋಳ ದೂಡಿಕೊಂಡು ಒಳಗೆ ಹೋಯಿತು, ಮೂರು ಮರಿ ಹೋದವು. ಮರುದಿನ ಅಪ್ಪ ನನ್ನನ್ನು ಒಯ್ದು ಆ ಬಿದ್ದ ತಟ್ಟಿಯ ಎದುರು ನಿಲ್ಲಿಸಿದ. ಕುರಿಯವನು ಬೈಯಲಿಲ್ಲ. "ಮತ್ತೊಂದು ನೀನ ಹೆಣದು ಕೊಡು ತಮ್ಮಾ, ಈ ಸಲ ಗೂಟ ಚಲೋತ್ನ್ಯಾಗ ಬಡಿ" ಎಂದ ಅಷ್ಟೇ. ಅವನು ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ನನ್ನ ತಟ್ಟಿ ಎಮ್ಮೆ ಒರಗಿದರೂ ಅಲುಗಲಿಲ್ಲ. ಹದಿನೆಂಟು ತುಂಬುವುದರೊಳಗೆ ರಾಜೂರ ತಟ್ಟಿ ಎಂದರೆ ನನ್ನ ಕೈಯದು ಎಂದು ಸುತ್ತಲಿನ ಕುರಿಯವರು ಮಾತಾಡುವ ಹಾಗಾಗಿತ್ತು. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆಯಿಲ್ಲ.

ಆ ಅಕ್ಕೋರು ಬಂದದ್ದು ಆಗ. ಗಜೇಂದ್ರಗಡದ ಹೈಸ್ಕೂಲಿಗೆ ಪೀಟಿ ಕಲಿಸಲು ಧಾರವಾಡ ಕಡೆಯಿಂದ ಬಂದವರು. ಮೂವತ್ತರ ಹೆಂಗಸು, ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಕೊರಳಲ್ಲಿ ಸೀಟಿ ಹಾಕಿಕೊಂಡು ಮೊಪೆಡ್ ಮೇಲೆ ಓಡಾಡುತ್ತಿದ್ದರು. ಹೆಣ್ಣುಮಕ್ಕಳನ್ನು ಮೈದಾನದಲ್ಲಿ ಓಡಿಸುತ್ತಾಳೆ ಎಂದು ಊರಲ್ಲಿ ಒಂದಿಷ್ಟು ಗುಸುಗುಸು ನಡೆದಿತ್ತು. ಹೆಡ್‌ಮಾಸ್ತರರು ಒಂದು ಮಾತು ಹೇಳಿಯೇ ಒಪ್ಪಿಗೆ ಕೊಟ್ಟಿದ್ದರಂತೆ: ಒಬ್ಬ ಹುಡುಗಿಗೆ ಪೆಟ್ಟಾಗಲಿ, ಅವತ್ತಿಗೆ ಓಟ ಬಂದ್.

ಅವರು ನಮ್ಮ ಅಂಗಳದಲ್ಲಿ ಮೊಪೆಡ್ ನಿಲ್ಲಿಸಿದಾಗ ಅಪ್ಪ ಮತ್ತು ನಾನು ಬರಲು ಸೀಳುತ್ತಿದ್ದೆವು.

"ತಟ್ಟಿ ಹೆಣಿಯೋರು ನೀವ ಏನ್ರಿ?"

"ಹೌದ್ರಿ ಅಕ್ಕೋರ. ಕುರಿಗೇನ್ರಿ, ಚಕ್ಕಡಿಗೇನ್ರಿ?" ಅಪ್ಪ ಕೇಳಿದ.

"ಹುಡುಗ್ಯಾರಿಗೆ."

ಅಪ್ಪ ನನ್ನ ಮುಖ ನೋಡಿದ. "ಹುಡುಗ್ಯಾರ್ನ ದೊಡ್ಡ್ಯಾಗ ಕೂಡತೀರೇನ್ರಿ?"

"ಕೂಡಿದವರು ಬಹಳ ಮಂದಿ ಇದ್ದಾರ ಯಜಮಾನ್ರ. ನಾ ಹಾರಸಾಕಿ."

ಎರಡೂವರೆ ಅಡಿ ಎತ್ತರ, ನಾಲ್ಕು ಅಡಿ ಅಗಲ, ಹತ್ತು ಬೇಕು ಎಂದರು. ಅದಕ್ಕೆ ಹರ್ಡಲ್ ಎನ್ನುತ್ತಾರೆ ಎಂದರು. ಇಂಗ್ಲಿಷ್ ಶಬ್ದ ಕಿವಿಗೆ ಬಿದ್ದದ್ದೇ ನನ್ನ ಮೈ ಸೆಟೆಯಿತು. ಎಂಟನೇ ಇಯತ್ತೆಯಲ್ಲಿ ಇಂಗ್ಲಿಷ್ ಪಾಠ ಓದಲು ಎಬ್ಬಿಸಿ ನಿಲ್ಲಿಸಿದಾಗ ನಾನು ಒಂದು ಸಾಲಿನ ನಡುವೆ ಸಿಕ್ಕಿಹಾಕಿಕೊಂಡದ್ದು, ಇಡೀ ವರ್ಗ ನಕ್ಕದ್ದು, ಆ ನಗು... ಸೂಟಿಯ ನಂತರ ನಾನು ಸಾಲಿಗೆ ಹೋಗದಿದ್ದಕ್ಕೆ ಬೇರೆ ಕಾರಣ ಇರಲಿಲ್ಲ.

"ನಮಗ ಇಂಗ್ಲಿಷ್ ತಿಳಿಯೂದಿಲ್ರಿ. ತಿಳೀತಿದ್ರ ಇಲ್ಲಿ ಬರಲು ಸೀಳಕೋಂತ ಕುಂದರತಿದ್ದಿಲ್ಲ" ಎಂದೆ. ಸ್ವಲ್ಪ ಜೋರಾಗಿಯೇ ಎಂದೆ.

ಅವರು ಸಿಟ್ಟಾಗಲಿಲ್ಲ. ಮರುದಿನ ಮತ್ತೆ ಬಂದರು. ಈ ಸಲ ಬಟ್ಟೆಯಲ್ಲಿ ಸುತ್ತಿದ ಒಂದು ದಪ್ಪ ಡಿಕ್ಷನರಿ ತಂದಿದ್ದರು. ಅದರ ಬೆನ್ನು ಹರಿದು ನೂಲು ಹೊರಗೆ ಬಂದಿತ್ತು. ಒಂದು ತಟ್ಟಿಯ ಮೇಲೆ ಅದನ್ನಿಟ್ಟು ಹಾಳೆ ತಿರುವಿ, "ಬಾ ಇಲ್ಲಿ. ಇದು ನಿನಗ ನನಗಿಂತ ಚಲೋ ತಿಳೀತದ" ಎಂದರು.

ಅವರು ಇಂಗ್ಲಿಷಿನಲ್ಲಿ ಒಂದೊಂದು ಸಾಲು ಓದಿ, ನಮ್ಮ ಮಾತಿನಲ್ಲಿ ಹೇಳಿದರು.

"ಮೊದಲನೇ ಅರ್ಥ ಕೇಳು. ಬರಲು ಹೆಣದು ಮಾಡಿದ ಚೌಕಟ್ಟು. ಕುರಿ ಕೂಡಲಿಕ್ಕೆ, ಬೇಲಿ ಮಾಡಲಿಕ್ಕೆ. ಒಂದು ಜಾಗಾದಿಂದ ಇನ್ನೊಂದು ಜಾಗಾಕ್ಕ ಎತ್ತಿ ಒಯ್ಯಲಿಕ್ಕೆ ಬರೋವಂಥಾದ್ದು."

ಅಪ್ಪನ ಕುಡಗೋಲು ನಿಂತಿತು. "ಇದ ಅಲ್ಲೇನ್ರಿ ಮತ್ತ?"

"ಇದ ಯಜಮಾನ್ರ. ಆ ಶಬ್ದದ ಬೇರು ಹುಡುಕ್ಕೋತ ಹ್ವಾದ್ರ ಹೆಣಿಯೋ ಕೆಲಸದ ಕಡೆನ ಹೋಗತದಂತ. ಎರಡನೇ ಅರ್ಥ ಕೆಟ್ಟದ್ದು. ರಾಜಾಗ ದ್ರೋಹ ಮಾಡಿದವನ್ನ ಇಂಥಾ ತಟ್ಟಿಗೆ ಕಟ್ಟಿ, ಓಣಿ ಓಣಿ ಎಳಕೊಂಡು, ಗಲ್ಲಿಗೆ ಒಯ್ಯತಿದ್ರಂತ."

"ಅಯ್ಯ, ಅದನ್ಯಾಕ ಓದತೀರಿ ಮುಂಜಮುಂಜಾನೆ. ಮುಂದಿಂದು ಹೇಳ್ರಿ."

"ಮೂರನೇದು ಓಟದ್ದು. ನಡುವ ಇಂಥಾವು ಇಟ್ಟು ಹಾರಕೋತ ಓಡೋದು. ಕಟ್ಟಕಡೀಗೆ ಬಂದದ್ದು, ನಾವು ದಿನಾ ಅನ್ನೋ ಅರ್ಥ. ಯಾವ ಕೆಲಸಕ್ಕರ ಹ್ವಾದ್ರ ನಡುವ ಬರೋ ಅಡ್ಡಿ."

ಅಪ್ಪ ಕುಡಗೋಲು ಕೆಳಗಿಟ್ಟು, "ಅವರ ಕಡೆನೂ ತ್ವಾಳ ಇದ್ದುವೇನ್ರಿ?" ಎಂದು ಕೇಳಿದ.

"ಇದ್ದಿರಬೇಕ್ರಿ. ಇಲ್ದಿದ್ರ ಯಾಕ ಹೆಣೀತಿದ್ರು."

ಇಂಗ್ಲಿಷಿನೊಳಗೂ ಕುರಿ ಕಾಯುವವರಿದ್ದಾರೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ನನ್ನನ್ನು ವರ್ಗದ ನಡುವೆ ನಿಲ್ಲಿಸಿ ಎಲ್ಲರನ್ನೂ ನಗಿಸಿದ ಭಾಷೆ, ಒಂದು ಕಾಲಕ್ಕೆ ನಮ್ಮಂಥದೇ ಅಂಗಳದಲ್ಲಿ ಕುಂತು ಬರಲು ಸೀಳಿದೆ. ಆ ದಿನ ನಾನು ಊಟಕ್ಕೂ ಏಳದೆ ಕೆಲಸ ಮಾಡಿದೆ. ಆದರೆ ಅಲ್ಲಿಯೇ ತಪ್ಪಿತು. ನಾಲ್ಕು ಅರ್ಥ ಕೇಳಿದವನು ತಲೆಯಲ್ಲಿ ಉಳಿಸಿಕೊಂಡದ್ದು ಮೊದಲನೆಯದೊಂದನ್ನೇ.

ಅಕ್ಕೋರು ಸ್ಪಷ್ಟವಾಗಿ ಹೇಳಿದ್ದರು. ಗೂಟ ಬೇಡ, ಕೆಳಗೆ ಹಲಗೆಯ ಪಾದ ಇರಬೇಕು. ಪಾದ ಓಡಿ ಬರುವವರ ಕಡೆ ಚಾಚಿರಬೇಕು. ನೆಲದ ಮೇಲೆ ಬರೀ ನಿಲ್ಲಬೇಕು. "ಕಾಲು ತಾಗಿತಂದ್ರ ಮುಂದಕ್ಕ ಬಿದ್ದುಬಿಡಬೇಕು, ತಿಳೀತಿಲ್ಲೋ?" ತಿಳಿಯಿತು ಎಂದು ತಲೆಯಾಡಿಸಿದೆ. ಹೇಳಿದ ಹಾಗೇ ಮಾಡಿದೆ. ಆದರೆ ಬೀಳುವ ಒಂದು ವಸ್ತುವನ್ನು ನನ್ನ ಕೈಯಿಂದ ಮಾಡುತ್ತಿದ್ದೇನಲ್ಲ ಎಂಬ ಕಸಿವಿಸಿ ಹತ್ತನೆಯದು ಮುಗಿಯುವವರೆಗೂ ಹೋಗಲಿಲ್ಲ.

ಒಯ್ದು ಕೊಟ್ಟದ್ದು ಆಷಾಢದ ಒಂದು ಸಂಜೆ. ಅಕ್ಕೋರು, ಹುಡುಗಿಯರು ಸೇರಿ ಅವಕ್ಕೆಲ್ಲ ಸುಣ್ಣ ಬಳಿದರು. ಹಸಿ ಬರಲಿನ ಮೇಲೆ ಒದ್ದೆ ಸುಣ್ಣ, ಆ ವಾಸನೆ... ಸಾಲಾಗಿ ನಿಲ್ಲಿಸಿದಾಗ ನೋಡಲು ಚೆಂದವಿತ್ತು. ಅಷ್ಟರಲ್ಲಿ ಗುಡ್ಡದ ಕಡೆಯಿಂದ ಗಾಳಿ ಬಂತು. ನಮ್ಮ ಆಷಾಢದ ಗಾಳಿ ಗೊತ್ತಿದ್ದವರಿಗೆ ನಾನು ಹೇಳಬೇಕಿಲ್ಲ. ಒಂದರ ಹಿಂದೊಂದು ಹತ್ತೂ ಮಗುಚಿ ಬಿದ್ದವು. ಕಂಪೌಂಡ್ ಗೋಡೆಯ ಮೇಲೆ ಕುಂತ ನಾಲ್ಕು ಜನ ಕುರಿಯವರೇ ನಕ್ಕರು, ನನ್ನ ಗಿರಾಕಿಗಳು.

"ಏನಲೇ, ರಾಜೂರ ತಟ್ಟಿಗೆ ನೆಗಡಿ ಬಂದೈತೇನು?"

"ತ್ವಾಳ ಬ್ಯಾಡೋ ಮಾರಾಯ, ಕೋಳಿ ಸೀನಿದ್ರ ಸಾಕು ಇವಕ್ಕ."

ಅಕ್ಕೋರೂ ನಕ್ಕರು. "ಬಿದ್ರ ಎತ್ತಿ ನಿಲ್ಲಸತೀವಿ, ಅದಕ್ಕೇನು" ಎಂದರು. ನನಗೆ ನಗು ಬರಲಿಲ್ಲ. ಮತ್ತೆ ಎಂಟನೇ ಇಯತ್ತೆಯ ನಡುವೆ ನಿಂತಂತಾಯಿತು.

ಮರುದಿನ ಬೆಳಿಗ್ಗೆ ಹುಡುಗಿಯರು ಬರುವುದಕ್ಕೆ ಮೊದಲೇ ನಾನು ಮೈದಾನದಲ್ಲಿದ್ದೆ. ಚೀಲದಲ್ಲಿ ಇಪ್ಪತ್ತು ಜಾಲಿ ಗೂಟ, ಬಡಿಯಲು ಒಂದು ಕಟ್ಟಿಗೆಯ ಕೊಡತಿ. ಹತ್ತೂ ತಟ್ಟಿಗಳನ್ನು ಗೂಟ ಬಡಿದು ನಿಲ್ಲಿಸಿ ಬಿಗಿದು ಕಟ್ಟಿದೆ. ಕಾಣಬಾರದೆಂದು ಗೂಟಕ್ಕೂ ಸುಣ್ಣ ಬಳಿದೆ. ಆಮೇಲೆ ಒಂದೊಂದಕ್ಕೂ ಮೂರು ಮೂರು ಸಲ ಭುಜ ಕೊಟ್ಟು ದೂಡಿದೆ. ಒಂದೂ ಅಲುಗಲಿಲ್ಲ. ಅಪ್ಪನ ಹಾಗೆ ಕೈ ಒರೆಸಿಕೊಂಡೆ. ಗಾಳಿ ನಿಂತ ಮೇಲೆ ಕಿತ್ತರಾಯಿತು, ಅಕ್ಕೋರು ಬಂದೊಡನೆ ಹೇಳಿದರಾಯಿತು ಎಂದುಕೊಂಡಿದ್ದೆ. ಇದು ನಿಜ. ಆದರೆ ಅವರು ಬಂದರು, ಸೀಟಿ ಊದಿದರು, ಹುಡುಗಿಯರು ಸಾಲಾಗಿ ನಿಂತರು, ಗಾಳಿಗೂ ಬೀಳದೆ ನಿಂತ ನನ್ನ ತಟ್ಟಿಗಳನ್ನು ಅವತ್ತೂ ಗೋಡೆಯ ಮೇಲೆ ಬಂದು ಕುಂತವರು ನೋಡುತ್ತಿದ್ದರು, ಮತ್ತು ನಾನು ಹೇಳಲಿಲ್ಲ.

ಮೊದಲು ಓಡಿದವಳು ಸೂಡಿಯಿಂದ ಬಸ್ಸಿಗೆ ಬರುತ್ತಿದ್ದ ಹುಡುಗಿ. ಉದ್ದ ಕಾಲಿನವಳು, ಒಂಬತ್ತನೇ ಇಯತ್ತೆ. ಅವಳ ಅವ್ವ ಕೂಲಿಗೆ ಹೋಗುವವಳು. ಈ ಹುಡುಗಿ ಜಿಲ್ಲೆಗಲ್ಲ, ಅದರಾಚೆಗೆ ಹೋಗುತ್ತಾಳೆ ಎಂದು ಅಕ್ಕೋರು ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಒಂದು, ಎರಡು, ಮೂರು ದಾಟಿದಳು. ನಾಲ್ಕನೆಯದಕ್ಕೆ ಕಾಲಿನ ಹೆಬ್ಬೆರಳು ತಾಗಿತು. ಬರೀ ತಾಗಿತು, ಅಷ್ಟೇ. ತಟ್ಟಿ ಬೀಳಲಿಲ್ಲ. ಅವಳು ಬಿದ್ದಳು, ಬಲ ಮೊಣಕೈಯ ಮೇಲೆ. ಆ ಸಪ್ಪಳ ನಾನು ನಿಂತ ಜಾಗದವರೆಗೆ ಕೇಳಿಸಿತು.

ಅಕ್ಕೋರು ಅವಳನ್ನು ಎತ್ತಿಕೊಂಡು ದವಾಖಾನಿಗೆ ಒಯ್ದರು. ನಾನು ಹೋಗಲಿಲ್ಲ. ಓಡಿಹೋಗಲೂ ಇಲ್ಲ. ಆ ನಾಲ್ಕನೆಯ ತಟ್ಟಿಯ ಬಳಿ ನಿಂತೇ ಇದ್ದೆ. ಮಧ್ಯಾಹ್ನ ಅವರು ತಿರುಗಿ ಬಂದು ತಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ಎಳೆದರು. ಬರಲಿಲ್ಲ. ಬಗ್ಗಿ ಕೆಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರ ಸೀರೆಯ ತುಂಬ ಸುಣ್ಣ ಹತ್ತಿತ್ತು.

ಹಿಂದೆಯೇ ಹೆಡ್‌ಮಾಸ್ತರರು ಬಂದರು. "ಯಾರ್ರಿ ಇವಕ್ಕ ಗೂಟ ಬಡದವರು?"

ನನ್ನ ಬಾಯಿ ತೆರೆದಿತ್ತು. ಅದರಿಂದ ಮಾತು ಬರುವ ಮೊದಲೇ ಅಕ್ಕೋರು, "ನಾನ ಬಡಸೀನ್ರಿ. ಗಾಳಿ ಭಾಳ ಇತ್ತು" ಎಂದರು.

ಹುಡುಗಿಯರ ಓಟ ಅಂದಿಗೇ ನಿಂತಿತು. ಒಂದು ತಿಂಗಳಲ್ಲಿ ಅಕ್ಕೋರಿಗೆ ನರಗುಂದ ಕಡೆಯ ಬೇರೆ ಸಾಲಿಗೆ ಹೋಗಲು ಹೇಳಿದರು. ಹೋಗುವ ಮುಂಚೆ ಒಂದು ಬೆಳಿಗ್ಗೆ ಅವರು ನಮ್ಮ ಅಂಗಳಕ್ಕೆ ಬಂದರು. ಅಪ್ಪ ಹೊಲಕ್ಕೆ ಹೋಗಿದ್ದ. ನಾನು ಎದ್ದು ನಿಂತೆ. ಬೈಯುತ್ತಾರೆಂದು ಕಾದೆ.

"ಆ ಶಬ್ದದ ಸುದ್ದಿ ಅರ್ಧ ಉಳದಿತ್ತು ನೋಡು" ಎಂದರು. "ಆ ದೇಶದವರೂ ಮೊದಮೊದಲು ಓಡಲಿಕ್ಕೆ ಖರೇ ಕುರಿ ತಟ್ಟೀನ ಇಡತಿದ್ರಂತ. ನೆಲಕ್ಕ ಗಟ್ಟಿ ಬಡದು. ಭಾಳ ಮಂದಿ ಕೈಕಾಲು ಮುರಕೊಂಡ್ರು. ಬೀಳೋ ಹಂಗ ಮಾಡಬೇಕು ಅಂತ ತಿಳೀಲಿಕ್ಕೆ ಅವರಿಗೆ ಎಷ್ಟೋ ವರ್ಷ ಹಿಡೀತು. ನಿನಗ ಒಂದ ಮುಂಜಾನಿ ಸಾಕಾತು. ಶಾಣ್ಯಾ ಇದ್ದಿ."

ನಾನು ತಲೆ ಎತ್ತಲಿಲ್ಲ. "ತಪ್ಪಾತ್ರಿ ಅಕ್ಕೋರ."

"ನನಗ ಹೇಳೂದು ಬ್ಯಾಡ. ಆ ಹುಡುಗಿ ಸೂಡ್ಯಾಗ ಇದ್ದಾಳ. ಅಕಿಗೆ ಹೇಳು, ಗೂಟ ನಾ ಬಡದಿದ್ದೆ ಅಂತ. ಅಷ್ಟ. ನಾ ಹೇಳೂದಿಲ್ಲ, ಅದು ನಿನ್ನ ಕೆಲಸ."

ಮೊಪೆಡ್ ಹತ್ತಿ ಹೋದರು. ಡಿಕ್ಷನರಿಯನ್ನು ನಮ್ಮ ಕಟ್ಟೆಯ ಮೇಲೆ ಬಿಟ್ಟಿದ್ದರು. ಮರೆತು ಹೋದರೋ, ಬಿಟ್ಟೇ ಹೋದರೋ... ನನಗೆ ಇಂದಿಗೂ ತಿಳಿದಿಲ್ಲ.

ನಾನು ಸೂಡಿಗೆ ಹೋದೆ. ಇಲ್ಲವೆಂದಲ್ಲ. ಅದೇ ವಾರ ಬಸ್ಸಿಳಿದು ಅವರ ಓಣಿಯವರೆಗೆ ನಡೆದೆ. ಹುಡುಗಿ ಬಾಗಿಲಲ್ಲಿ ಕುಂತಿದ್ದಳು, ಕೈಗೆ ಪಟ್ಟಿ, ಕೊರಳಿಗೆ ಜೋಳಿಗೆಯಂತೆ ಕಟ್ಟಿದ ಅರಿವೆ. ಎಡಗೈಯಲ್ಲಿ ಶೇಂಗಾ ಸುಲಿಯಲು ನೋಡುತ್ತಿದ್ದಳು, ಬರುತ್ತಿರಲಿಲ್ಲ. ನಾನು ಹತ್ತು ಮಾರು ದೂರದಿಂದ ತಿರುಗಿದೆ. ಮುಂದಿನ ಬಸ್ಸಿಗೆ ಮನೆಗೆ ಬಂದೆ. ಮುಂದಿನ ವಾರ ಹೋದರಾಯಿತು ಎಂದುಕೊಂಡೆ.

ಆ ಮುಂದಿನ ವಾರ ಬರಲಿಲ್ಲ. ಕುರಿಯವರು ದೊಡ್ಡಿಗೆ ನೂಲಿನ ಬಲೆ ಕಟ್ಟಲು ಶುರುಮಾಡಿದರು, ತಟ್ಟಿ ಕೇಳುವವರು ಕಡಿಮೆಯಾದರು. ನಾನು ಗದಗಿನಲ್ಲಿ ವೆಲ್ಡಿಂಗ್ ಕಲಿತೆ, ಗಜೇಂದ್ರಗಡದಲ್ಲಿ ಅಂಗಡಿ ಹಾಕಿದೆ. ಗೇಟು, ಕಿಟಕಿ, ಟ್ರ್ಯಾಕ್ಟರ್ ಟ್ರೇಲರ್. ನಾನು ಮಾಡಿದ್ದು ಯಾವುದೂ ಅಲುಗಲಿಲ್ಲ. ಆ ಹುಡುಗಿಯ ಮೊಣಕೈ ನೆಟ್ಟಗಾಗಲಿಲ್ಲ ಎಂದು ಕೇಳಿದೆ. ಅವಳನ್ನು ಬೆಳವಣಕಿಗೆ ಕೊಟ್ಟರು ಎಂದು ಕೇಳಿದೆ. ಎರಡು ಮಕ್ಕಳಾದದ್ದೂ ಗೊತ್ತು. ಬೆಳವಣಕಿಯಲ್ಲಿ ಒಂದು ಮನೆಯ ಗೇಟು ಕೂಡಿಸಲು ಹೋದಾಗ ಅವರ ಓಣಿ ಬಿಟ್ಟು ಊರ ಹೊರಗಿನಿಂದ ಸುತ್ತಿ ಹೋದೆ. ನರಗುಂದದಲ್ಲಿ ಎಷ್ಟೋ ಸಲ ಕೆಲಸ ಮಾಡಿದೆ. ಅಕ್ಕೋರ ಮನೆ ಎಲ್ಲಿ ಎಂದು ಒಮ್ಮೆಯೂ ಕೇಳಲಿಲ್ಲ. ಸಿಕ್ಕರೆ ಅವರ ಮೊದಲ ಪ್ರಶ್ನೆ ಯಾವುದೆಂದು ಗೊತ್ತಿತ್ತಲ್ಲ.

ಈ ಸೋಮವಾರ ಪೀಟಿ ಮಾಸ್ತರ ಮಾದರಿ ನೋಡಲು ಬಂದರು. ಒಂದನ್ನು ಮಾಡಿ ನಿಲ್ಲಿಸಿದ್ದೆ: ಕಬ್ಬಿಣದ ಕೊಳವೆ, ಮೇಲೆ ಕಟ್ಟಿಗೆಯ ಪಟ್ಟಿ, ಪಾದಗಳಿಗೆ ಹಿಂದೆ ಮುಂದೆ ಸರಿಸುವ ತೂಕ. ಅವರು ಕಾಲಿನಿಂದ ಮೆಲ್ಲಗೆ ತಾಕಿಸಿದರು. ಮುಂದಕ್ಕೆ ಬಿತ್ತು.

"ಭಾರಿ ಆಗೈತ್ರಿ" ಎಂದರು. "ನಮ್ಮ ಅಕ್ಕೋರು ಹೇಳಿದ್ದು ಸುಳ್ಳಾಗಲಿಲ್ಲ."

"ಯಾವ ಅಕ್ಕೋರು?"

"ನರಗುಂದದಾಗ ನಮಗ ಪೀಟಿ ಕಲಿಸಿದೋರ್ರಿ. ನಾ ಈ ಕೆಲಸಕ್ಕ ಬಂದದ್ದ ಅವರಿಂದ. ಗಜೇಂದ್ರಗಡದ ಕಡೆ ಎಂದಾದ್ರೂ ಹರ್ಡಲ್ ಮಾಡಿಸೋದಿದ್ರ ರಾಜೂರ ತಟ್ಟ್ಯಾಂವನ್ನ ಹುಡುಕು, ಅಂವಾ ಮಾಡಿದ್ವು ಬೀಳತಾವ ಅಂದಿದ್ರು. ಕೇಳಕೋತ ಬಂದ್ರ ಮಂದಿ ನಿಮ್ಮ ಅಂಗಡಿ ತೋರಿಸಿದ್ರು."

ನಾನು ಕೈಗವಸು ಕಳಚಿದೆ. "ಎಲ್ಲಿದ್ದಾರ್ರಿ ಈಗ?"

"ತೀರಿಕೊಂಡು ಎರಡು ವರ್ಷ ಆತಲ್ರಿ."

ಅಂಗಡಿಯಲ್ಲಿ ಎರಡು ಟ್ರೇಲರ್ ಕೆಲಸ ಬಾಕಿಯಿತ್ತು. ನಾನು ಕುರ್ಚಿಯ ಮೇಲೆ ಕುಂತೆ. ಅಂವಾ ಮಾಡಿದ್ವು ಬೀಳತಾವ... ಯಾವ ಧೈರ್ಯದ ಮೇಲೆ ಹೇಳಿದರು? ನಾನು ಮಾಡಿದ್ದರಲ್ಲಿ ಅವರು ಕಡೆಗೆ ಕಂಡದ್ದು ಗೂಟ ಬಡಿದ, ಬೀಳದ ಹತ್ತು.

ಮಂಗಳವಾರ ಬೆಳಿಗ್ಗೆ ಬೈಕ್ ತೆಗೆದೆ. ರೋಣ ದಾಟುವವರೆಗೆ ಮೂರು ಸಲ ನಿಲ್ಲಿಸಿದೆ. ಪೆಟ್ರೋಲ್ ನೋಡಿದೆ, ಚೈನು ನೋಡಿದೆ, ಎರಡೂ ಚೆನ್ನಾಗಿದ್ದವು. ಬೆಳವಣಕಿಯಲ್ಲಿ ಆ ಓಣಿ ಕೇಳಬೇಕಾಗಲಿಲ್ಲ. ಇಷ್ಟು ವರ್ಷ ತಪ್ಪಿಸಿಕೊಂಡು ತಿರುಗಿದ ಓಣಿ ಯಾರಿಗೆ ಗೊತ್ತಿರುವುದಿಲ್ಲ.

ಅವಳ ಮನೆಯ ಬಾಗಿಲು ತೆರೆದಿತ್ತು, ಒಳಗೆ ರೊಟ್ಟಿ ಬಡಿಯುವ ಸಪ್ಪಳ. ಅಡಿಗೆಮನೆ ಬಾಗಿಲಿಗೆ ನೇರ. ಅವಳು ಎಡಗೈಯಲ್ಲಿ ಬಡಿಯುತ್ತಿದ್ದಳು. ಬಲಗೈ ಮೊಣಕೈ ಹತ್ತಿರ ಬಾಗಿಯೇ ಇತ್ತು, ಬೆರಳು ಮಾತ್ರ ರೊಟ್ಟಿಯನ್ನು ತಿರುಗಿಸುತ್ತಿದ್ದವು. ತಲೆಯ ಮುಂಭಾಗ ಬೆಳ್ಳಗಾಗಿದೆ.

"ಯಾರ್ರಿ?"

"ನಾನವಾ... ರಾಜೂರ ತಟ್ಟ್ಯಾಂವ."

ಅವಳ ಕೈ ನಿಂತಿತು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಬರ್ರಿ ಅಣ್ಣಾರ, ಕುಂದರ್ರಿ. ಅಕ್ಕೋರು ಇದ್ದಾಗ ಬರಬೇಕಿತ್ತು ನೀವು."

ನಾನು ಕೂಡಲಿಲ್ಲ. ಕುಂತರೆ ಹೇಳಲು ಆಗುವುದಿಲ್ಲ ಎಂದು ಗೊತ್ತಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಹೇಳಿದೆ. "ಅವತ್ತು ಆ ತಟ್ಟಿಗೆ ಗೂಟ ಬಡದಾಂವ ನಾನವಾ. ಅಕ್ಕೋರಲ್ಲ. ಅವರಿಗೆ ಗೊತ್ತ ಇದ್ದಿದ್ದಿಲ್ಲ. ಬೀಳಬೇಕಾಗಿತ್ತು ಅದು. ನಾ ಬೀಳಗೊಡಲಿಲ್ಲ."

ಹಂಚಿನ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂತು. ಅವಳು ಅದನ್ನು ತೆಗೆದು ಪಕ್ಕಕ್ಕಿಟ್ಟಳು, ಒಲೆಯ ಕೆಂಡ ಹಿಂದಕ್ಕೆಳೆದಳು.

"ಅಕ್ಕೋರು ವರ್ಷಾ ದಸರಾಕ್ಕ ಬಂದು ಉಂಡು ಹೋಗತಿದ್ರು. ಹೋಗಾಗ ಒಂದ ಮಾತು ಕೇಳತಿದ್ರು. ತಟ್ಟ್ಯಾಂವ ಬಂದಿದ್ನೇನು ಅಂತ. ಅಂವಾ ಯಾಕ ಬರಬೇಕ್ರಿ ನನ್ನ ಕಡೆ ಅಂದ್ರ ಹೇಳತಿದ್ದಿಲ್ಲ. ಬರತಾನ ಅಂತಿದ್ರು. ಕಡೀ ಸಲ ಬಂದಾಗನೂ ಕೇಳಿದ್ರು."

ನಾನು ಚೌಕಟ್ಟು ಬಿಡಲಿಲ್ಲ.

"ಗೂಟ ಇತ್ತು ಅಂತನ ನನಗ ಗೊತ್ತಿದ್ದಿಲ್ಲ ಅಣ್ಣಾರ. ಯಾರೂ ಹೇಳಲಿಲ್ಲ. ನಾ ಇಷ್ಟು ವರ್ಷ ಕಾಲು ಎತ್ತಿದ್ದು ಕಡಿಮಿ ಆತು ಅಂದಕೊಂಡಿದ್ದೆ. ನನ್ನ ತಪ್ಪಿಗೆ ಅಕ್ಕೋರನ್ನ ಎತ್ತಿ ಒಗದ್ರು, ಬಾಕಿ ಹುಡುಗ್ಯಾರ ಓಟ ನಿಂತಿತು ಅಂತ... ಅವ್ವ ಸಾಯೂತನಾ ಅಂದ್ಲು, ನೀ ನೆಟ್ಟಗ ಹಾರಿದ್ರ ಹಿಂಗ ಆಗತಿದ್ದಿಲ್ಲ ಅಂತ. ಅಕಿಗೆ ಒಂದ ಸಲ ಹೇಳಬಹುದಿತ್ತು ನೀವು. ಸೂಡಿ ಎಷ್ಟು ದೂರ ನಿಮಗ."

ನಾನು ಮುರಿದದ್ದು ಒಂದು ಮೊಣಕೈ ಎಂದು ತಿಳಿದಿದ್ದೆ. ಸುಮ್ಮನಿದ್ದು ಏನೇನು ಮುರಿದೆ ಎಂಬುದು ಅವತ್ತು ಬಾಗಿಲಲ್ಲಿ ನಿಂತು ತಿಳಿಯಿತು. ಹರ್ಡಲ್ ಎಂಬುದರ ನಾಲ್ಕೂ ಅರ್ಥ ನನಗೆ ಬಾಯಿಪಾಠ. ರಾಜದ್ರೋಹಿಯನ್ನು ಕಟ್ಟಿ ಎಳೆಯುತ್ತಿದ್ದ ಎರಡನೆಯದನ್ನು ಅಪ್ಪ ಓದಬೇಡಿ ಎಂದಿದ್ದ. ಅದನ್ನೇ ಇಷ್ಟು ವರ್ಷ ನಾನು ನನ್ನ ಪಾಲಿನದೆಂದು ಓದಿಕೊಂಡಿದ್ದೆ. ಆದರೆ ಆ ತಟ್ಟಿಗೆ ಕಟ್ಟಿಸಿಕೊಂಡು ಎಳೆಸಿಕೊಂಡವಳು ಇವಳು.

ಹೊರಡಲು ತಿರುಗಿದಾಗ ಅವಳು ಕೇಳಿದಳು. "ಈಗೇನು ಮಾಡತೀರಿ ನೀವು?"

"ವೆಲ್ಡಿಂಗ್. ಹೈಸ್ಕೂಲಿನ ಹುಡುಗ್ಯಾರಿಗೆ ಹರ್ಡಲ್ ಮಾಡಾಕತ್ತೀನಿ. ಹತ್ತು. ಶನಿವಾರ ಮುಂಜಾನೆ ಹಾರತಾರ."

"ಬೀಳತಾವೇನು?"

"ಬೀಳತಾವವಾ."

"ನಾ ಬಂದು ದೂಡಿ ನೋಡತೀನಿ. ಆಮ್ಯಾಲೆ ಅವರು ಹಾರಲಿ" ಎಂದಳು. ಎಡಗೈಗೆ ಹಿಟ್ಟು ಹಚ್ಚಿಕೊಂಡು ಮುಂದಿನ ರೊಟ್ಟಿಗೆ ಕುಂತಳು. ಉಂಡು ಹೋಗಿ ಎನ್ನಲಿಲ್ಲ. ಹೋಗಿ ಎಂದೂ ಅನ್ನಲಿಲ್ಲ.

ಇವತ್ತು ಗುರುವಾರ. ಹತ್ತೂ ಮುಗಿದಿವೆ. ಬಣ್ಣ ಒಣಗುತ್ತಿದೆ. ಬೆಳಗಿನಿಂದ ಒಂದೊಂದನ್ನೂ ಮೂರು ಮೂರು ಸಲ ತಾಕಿ ನೋಡಿದ್ದೇನೆ, ಭುಜದಿಂದಲ್ಲ, ಹೆಬ್ಬೆರಳಿನಿಂದ. ಏಳನೆಯದು ಒಂದು ಸಲ ತುಸು ತಡೆದು ಬಿತ್ತು. ತೂಕ ಸರಿಸಿದೆ. ಮತ್ತೆ ನೋಡಿದೆ, ಬಿತ್ತು. ಅಂಗಡಿಯ ಪಕ್ಕದವರು ಇವನಿಗೇನಾಗಿದೆ ಎಂದು ನೋಡುತ್ತಿದ್ದಾರೆ. ಇದನ್ನು ಬರೆಯುವಾಗಲೂ ನಡುವೆ ಎರಡು ಸಲ ಎದ್ದು ಹೋಗಿ ನೋಡಿ ಬಂದೆ. ಹೇಳಬೇಕಾದವಳಿಗೆ ಹೇಳಿದ್ದೇನೆ. ಹೇಳಿದೆ ಎಂದು ಯಾರಿಗೆ ತಿಳಿಸಬೇಕಿತ್ತೋ ಅವರು ಇಲ್ಲ. ದಸರೆ ಬಂದರೆ ಆ ಪ್ರಶ್ನೆ ಕೇಳುವವರೂ ಇಲ್ಲ...

ಈಗ ನನ್ನಲ್ಲಿರುವುದು: ರಸ್ತೆಗೆ ಮುಖ ಮಾಡಿದ ಒಂದು ಅಂಗಡಿ. ಎರಡು ವೆಲ್ಡಿಂಗ್ ಯಂತ್ರ. ಒಂದು ಬೈಕ್. ಅಪ್ಪನ ಒಂದು ಕುಡಗೋಲು. ಬೆನ್ನು ಹರಿದ ಒಂದು ಡಿಕ್ಷನರಿ. ಅವತ್ತು ನಾಲ್ಕನೆಯ ತಟ್ಟಿಯಿಂದ ಕಿತ್ತು ತಂದ, ಸುಣ್ಣ ಇನ್ನೂ ಹತ್ತಿಕೊಂಡಿರುವ, ಎರಡು ಜಾಲಿ ಗೂಟ. ಬೀಳುವ ಹತ್ತು ಹರ್ಡಲ್. ಶನಿವಾರಕ್ಕೆ ಎರಡು ದಿನ.